ಮುಖ ಹೇಳುವವಳು

ಒಂದು ಊರಿತ್ತು. ಹೆಸರು ಕೇಳಬೇಡಿ. ಹೇಳಿದರೆ ನಮ್ಮೂರನ್ನೇ ಆಡಿಕೊಂಡೆ ಅಂತ ಜಗಳಕ್ಕೆ ಬರುತ್ತೀರಿ. ಆ ಊರಲ್ಲಿ ಕನ್ನಡಿ ಇರಲಿಲ್ಲ.

ಇರಲಿಲ್ಲ ಅಂದರೆ ಕೊಳ್ಳಲು ಗತಿಯಿರಲಿಲ್ಲ ಅಂತಲ್ಲ. ಇರಬಾರದು ಅಂತ ಕಟ್ಟಳೆ. ಹಿತ್ತಾಳೆ ಚೊಂಬನ್ನು ಥಳಥಳ ಬೆಳಗುವಂತಿಲ್ಲ. ಬೆಳಗಿದರೂ ಮೇಲೊಂದು ಕೈ ಬೂದಿ ಬಳಿಯಬೇಕು. ಬಾವಿಯಲ್ಲಿ ನೀರು ಸೇದುವವರು ಮುಖ ಆಚೆ ತಿರುಗಿಸಿಕೊಂಡು ಸೇದಬೇಕು. ಹೊಂಡದಲ್ಲಿ ನೀರು ನಿಂತಿದ್ದರೆ ಮೊದಲು ಕಲ್ಲೆಸೆದು, ಕದಡಿದ ಮೇಲೆ ದಾಟಬೇಕು. ತನ್ನ ಮುಖ ತಾನೇ ನೋಡಿಕೊಂಡವನಿಗೆ ಪಕ್ಕದವನ ಮುಖ ಬೇಡವಾಗುತ್ತದೆ ಅಂತ ಹಿಂದಿನವರು ಹೇಳಿದ್ದರು. ಹೇಳಿದಾಗ ಅದು ಒಳ್ಳೆಯ ಮಾತೇ ಆಗಿತ್ತು. ಆದರೆ ಒಳ್ಳೆಯ ಮಾತನ್ನೂ ಪೆಟ್ಟಿಗೆಯಲ್ಲಿಟ್ಟು, ಬೀಗ ಜಡಿದು, ಒಬ್ಬನೇ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅದು ಹಳಸುತ್ತದೆ. ನಾತ ಬಂದರೂ ಪೆಟ್ಟಿಗೆಗೆ ಕೈಮುಗಿಯುತ್ತಾರೆ ಜನ.

ತನ್ನ ಮುಖ ಹೇಗಿದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೊಬ್ಬಳಿದ್ದಳು. ಮುಖ ಹೇಳುವವಳು.

ಊರ ನಡುವೆ ಬೇವಿನಮರ. ಮರದ ಕೆಳಗೆ ಎರಡು ಕಲ್ಲು, ಎದುರುಬದುರು. ಬೆಳಗಾದರೆ ಒಂದರ ಮೇಲೆ ಅವಳು ಕೂರುವಳು, ಇನ್ನೊಂದರ ಮೇಲೆ ಊರಿನವರು ಒಬ್ಬೊಬ್ಬರಾಗಿ ಬಂದು ಕೂರುವರು. ಅವಳು ನೋಡುವಳು, ಹೇಳುವಳು.

"ಕಣ್ಣು ಕೆಂಪಗೈತೆ, ನಿದ್ದೆಗೆಟ್ಟಿದ್ದೀಯ."

"ಗಲ್ಲದ ಮೇಲೆ ಮಜ್ಜಿಗೆ ಐತೆ, ಒರೆಸ್ಕೊ."

"ಇವತ್ತು ನಿನ್ನ ಮುಖದಾಗೆ ಸಿಟ್ಟಿಲ್ಲ. ಮನೆಗೋಗಿ ಹೆಂಡ್ತಿ ಜೊತೆ ಮಾತಾಡು."

ಅವಳು ಹೇಳಿದ್ದೇ ಮುಖ. ಉಳಿದವರಿಗೆ ಕಂಡರೂ ಆಡುವಂತಿಲ್ಲ. ಅವಳು ಹೇಳಿದ ಮುಖಕ್ಕೆ ಊರು ಜವಾಬು ಕೊಡಬೇಕು. ಹಸಿದ ಮುಖ ಅಂದರೆ ಅನ್ನ. ಕಾಯಿಲೆಯ ಮುಖ ಅಂದರೆ ಮದ್ದು. ಸುಟ್ಟ ಮುಖ ಅಂದರೆ, ಯಾರ ಬೆಂಕಿಯಲ್ಲಿ ಸುಟ್ಟಿತೋ ಅವನು ಬಂದು ಕೈಕಟ್ಟಿ ನಿಲ್ಲಬೇಕು.

ವರ್ಷಕ್ಕೊಮ್ಮೆ ಮುಖದ ಹುಣ್ಣಿಮೆ. ಆ ದಿನ ಬೆಳೆದ ಮಕ್ಕಳು ಮೊದಲ ಸಲ ಕಲ್ಲಿನ ಮೇಲೆ ಕೂರುತ್ತಿದ್ದರು. ಮುಖ ಹೇಳುವವಳು ಅವರನ್ನು ನೋಡಿ, "ಇದು ಆಡು ಕಾಯುವ ಮುಖ, ದೂರ ನೋಡ್ತೈತೆ. ಇದು ಮದ್ದು ಅರೆಯುವ ಮುಖ, ಕೇಳಿಸ್ಕೊಳ್ತೈತೆ. ಇದು ನೇಯುವ ಮುಖ, ಅವಸರ ಇಲ್ಲ" ಅನ್ನುವಳು. ಅಂದದ್ದೇ ಆ ಮಗುವಿನ ಕೆಲಸ, ಆ ಮಗುವಿನ ಬಾಳು.

ಎಲ್ಲರ ಮುಖ ಹೇಳಿದ ಅವಳ ಮುಖವನ್ನು ಮಾತ್ರ ಯಾರೂ ಹೇಳಿರಲಿಲ್ಲ. ಹೇಳುವವಳ ಮುಖ ಹೇಳುವುದು ಯಾರು? ಕಟ್ಟಳೆಯಲ್ಲಿ ಅದಿರಲಿಲ್ಲ. ಅವಳೂ ಕೇಳಿರಲಿಲ್ಲ.

ಅವಳಿಗೆ ವಯಸ್ಸಾಯಿತು. ಮೊದಲು ಗೆರೆಗಳು ಸೊಟ್ಟಗಾದವು. ಬಡಗಿಯನ್ನು ಕರೆಸಿ, "ಏನಪ್ಪಾ, ಬಾಗಿಲ ಚೌಕಟ್ಟನ್ನ ಹಾವಿನಂಗೆ ಕೂರಿಸಿದ್ದೀಯಲ್ಲ" ಅಂದಳು. ಅವನು ಕಿತ್ತು ಮತ್ತೆ ಕೂರಿಸಿದ. ಆಗಲೂ ಸೊಟ್ಟ. ಮತ್ತೆ ಕಿತ್ತ. ಕೊನೆಗೆ ರೋಸಿಹೋಗಿ ದಾರಕ್ಕೆ ಕಲ್ಲು ಕಟ್ಟಿ ಚೌಕಟ್ಟಿನ ಪಕ್ಕ ಇಳಿಬಿಟ್ಟು, "ನೋಡಜ್ಜಿ, ಎಲ್ಲೈತೆ ಸೊಟ್ಟ?" ಅಂದ. ಅವಳಿಗೆ ಆ ದಾರವೂ ಸೊಟ್ಟಗೆ ಕಂಡಿತು. ಕಲ್ಲು ಕಟ್ಟಿ ಇಳಿಬಿಟ್ಟ ದಾರ ಸೊಟ್ಟಗಿರುವುದುಂಟೆ? ಅವಳು ಬಡಗಿಗೆ ಊಟ ಹಾಕಿ ಕಳಿಸಿದಳು.

ಆಮೇಲೆ ನೋಟದ ನಟ್ಟನಡುವೆ ಮಸಿಯ ಬೊಟ್ಟೊಂದು ಬಿತ್ತು. ಸಾಸಿವೆಯಷ್ಟಿದ್ದದ್ದು ರೊಟ್ಟಿಯಗಲವಾಯಿತು. ಸುತ್ತಲಿನದೆಲ್ಲ ಕಾಣುತ್ತಿತ್ತು. ಎದುರಿಗೆ ಕೂತವನ ಕಿವಿ, ಮುಂಡಾಸು, ಭುಜ, ಹಿಂದಿನ ಬೇವಿನಮರ, ಮರದ ಮೇಲಿನ ಕಾಗೆ. ಮುಖವಿರಬೇಕಾದಲ್ಲಿ ಮಾತ್ರ ತೂತು. ಯಾವುದನ್ನು ನೋಡಬೇಕು ಅಂತ ಕಣ್ಣು ತಿರುಗಿಸುತ್ತಾಳೋ ಅದೇ ಮಾಯ. ಬೇಡ ಅಂತ ಬಿಟ್ಟದ್ದೆಲ್ಲ ನಿಚ್ಚಳ.

ಅವಳು ಮುಚ್ಚಿಡಲಿಲ್ಲ. ಕಲ್ಲಿನ ಮೇಲೆ ಎದ್ದು ನಿಂತು ಊರಿಗೆಲ್ಲ ಕೇಳುವಂತೆ ಹೇಳಿದಳು. "ನನ್ನ ಕಣ್ಣಿನ ನಡು ಹೋಗೈತೆ. ಮುಖ ಕಾಣಾಕಿಲ್ಲ. ಬೇರೆ ಯಾರನ್ನಾದ್ರೂ ಕೂರಿಸ್ರಪ್ಪಾ."

ಊರು ಯಜಮಾನನ ಕಡೆ ತಿರುಗಿತು. ಊರಾಚೆಯ ಸುಣ್ಣದ ಗೂಡು ಅವನದು. ಊರಿನ ಗೋಡೆಗಳ ಮೇಲಿನ ಬಿಳುಪು ಅವನದು. ಕಟ್ಟಳೆಯ ಕೀಲಿಕೈಯೂ ಅವನದೇ. ಅವನು ಮೀಸೆ ತೀಡಿಕೊಂಡು, "ಕಣ್ಣು ಹೋದರೇನಮ್ಮ, ನೆನಪಿದೆಯಲ್ಲ? ನೆನಪಿನಿಂದ ಹೇಳು. ಕಣ್ಣಿಗಿಂತ ನೆನಪೇ ಗಟ್ಟಿ" ಅಂದ.

"ಕಣ್ಣು ಹೋದ ಮ್ಯಾಲೆ ಹುಟ್ಟಿದೋರನ್ನ ನಾ ಕಂಡೇ ಇಲ್ಲವಲ್ಲ ಯಜಮಾನ್ರೇ?"

"ಅವಕ್ಕೆ ಅಪ್ಪ ಅವ್ವ ಇಲ್ಲವೇ? ಗಂಡಾದರೆ ಅಪ್ಪನ ಮುಖ ಹೇಳು, ಹೆಣ್ಣಾದರೆ ಅವ್ವನ ಮುಖ ಹೇಳು. ಬೀಜದಂತೆ ಬೆಳೆ. ಮುಗಿಯಿತು."

ಊರು ಒಪ್ಪಿತು. ಒಪ್ಪದೆ ಏನು? ಬೆಳಗೆದ್ದು ಕಲ್ಲಿನ ಮೇಲೆ ಕೂತರೆ ಹತ್ತಾರು ವರ್ಷದ ಹಿಂದಿನ ಮುಖ ಸಿಗುತ್ತದೆ! ಉದುರಿದ ಹಲ್ಲು ವಾಪಸ್ಸು ಬಂತು. ಬೋಳಾದ ತಲೆಯಲ್ಲಿ ಕೂದಲು ಹುಟ್ಟಿತು. ಯಜಮಾನನ ಮೀಸೆ ಇದ್ದಿಲಿನಷ್ಟು ಕಪ್ಪು ಅಂತ ಅವಳು ದಿನಾ ಹೇಳಬೇಕಾಯಿತು. ಅವನು ದಿನಾ ಅದನ್ನು ಕೇಳಿಸಿಕೊಂಡು, ತೀಡಿಕೊಂಡು, ಎದ್ದು ಹೋಗುತ್ತಿದ್ದ. ಸುಖವಾಗಿತ್ತು ಊರು. ಕುರುಡುತನ ಅನ್ನುವುದು ಇದನ್ನು. ಅವಳದು ಬರೀ ಕಣ್ಣಿನ ಕಾಯಿಲೆ.

ಸುಖದ ಬೆಲೆ ಯಾರು ತೆತ್ತರು ಅಂದರೆ ಯಜಮಾನನ ಸುಣ್ಣದ ಗೂಡಿನಲ್ಲಿ ದುಡಿಯುವ ಗೂಡಿನ ಕೇರಿಯವರು. ಮೊದಲಾದರೆ ಆ ಕೇರಿಯ ಮಗು ನೇಯಲಿಕ್ಕೂ ಹೋಗುತ್ತಿತ್ತು, ಮದ್ದು ಅರೆಯಲಿಕ್ಕೂ ಹೋಗುತ್ತಿತ್ತು. ಈಗ ಹುಡುಗನಿಗೆ ಅಪ್ಪನ ಮುಖ, ಅಪ್ಪನ ಮುಖಕ್ಕೆ ಅಪ್ಪನ ಸಲಿಕೆ. ಹುಡುಗಿಗೆ ಅವ್ವನ ಮುಖ, ಅವ್ವನ ಮುಖಕ್ಕೆ ಅವ್ವನ ಬುಟ್ಟಿ. ಗೂಡಿಗೆ ಆಳು ಹುಡುಕುವ ತಾಪತ್ರಯವೇ ತಪ್ಪಿತು ಯಜಮಾನನಿಗೆ. ಹುಟ್ಟಿದ ಮಗುವಿನ ಅಳು ಕೇಳಿದರೆ ಸಾಕು, ಬುಟ್ಟಿ ಹೊರುವ ತಲೆಗೊಂದು ಸಿಂಬಿ ಸುತ್ತಿಡಿ ಅನ್ನುತ್ತಿದ್ದ.

ಮುಖ ಹೇಳುವವಳ ಮಗಳು ಮದುವೆಯಾಗಿ ಹೋದದ್ದು ಆ ಕೇರಿಗೇ. ಸುಟ್ಟ ಸುಣ್ಣದ ಬುಟ್ಟಿ ಹೊತ್ತೂ ಹೊತ್ತೂ, ಸುಣ್ಣದ ಧೂಳು ಕುಡಿದೂ ಕುಡಿದೂ, ಒಂದು ದಿನ ಕೆಮ್ಮಿಕೊಂಡೇ ಹೋಗಿಬಿಟ್ಟಳು. ಮಗಳು ಬಿಟ್ಟುಹೋದದ್ದು ಒಂದು ಹೆಣ್ಣುಕೂಸು. ಆ ಕೂಸು ಹುಟ್ಟುವ ಹೊತ್ತಿಗೆ ಅಜ್ಜಿಯ ಕಣ್ಣಿನ ನಡು ಹೋಗಿತ್ತು. ಎತ್ತಿ ಆಡಿಸಿದಳು, ಎಣ್ಣೆ ಹಚ್ಚಿ ಎರೆದಳು, ಜಡೆ ಹೆಣೆದಳು. ಮೊಮ್ಮಗಳ ಕಿವಿ ಗೊತ್ತು, ಕಾಲ್ಬೆರಳು ಗೊತ್ತು, ಬೆನ್ನ ಮೇಲಿನ ಮಚ್ಚೆ ಗೊತ್ತು. ಮುಖ ಕಂಡಿರಲಿಲ್ಲ.

ಅಳಿಯ ಗೂಡಿಗೆ ಬೆಂಕಿ ಹಾಕುವವನು. ಒಂದು ದಿನ ಗೂಡಿನ ಬಾಯಿ ಸೀಳಿ ಉರಿ ಹೊರಗೆ ನುಗ್ಗಿತು. ಅವನ ಬಲಗೆನ್ನೆ ಬೆಂದುಹೋಯಿತು. ಮಾರನೆಯ ಬೆಳಗ್ಗೆ ಅವನನ್ನು ಎದುರಿಗೆ ಕೂರಿಸಿಕೊಂಡು ಅವಳು, "ಬಲಗೆನ್ನೆ ಸುಟ್ಟೈತೆ" ಅಂದಳು.

ಯಜಮಾನ ಪಕ್ಕದಲ್ಲೇ ನಿಂತಿದ್ದ. "ಕಂಡಿದ್ದೀಯಾ?"

"ಕಂಡಿಲ್ಲ. ಅವನೇ ಹೇಳಿದ. ರಾತ್ರಿಯೆಲ್ಲ ನರಳಿದ."

"ಕಾಣದ್ದನ್ನು ಹೇಳುವಂತಿಲ್ಲ. ನೆನಪಿದ್ದಷ್ಟು ಹೇಳು."

ನೆನಪಿನಲ್ಲಿ ಅಳಿಯನ ಕೆನ್ನೆ ಮದುವೆಯ ದಿನದ ಹಾಗೆ ನುಣ್ಣಗಿತ್ತು. ನುಣ್ಣಗಿದೆ ಅಂದಳು. ಯಜಮಾನ ಕೈಕಟ್ಟಿ ನಿಲ್ಲುವುದು ತಪ್ಪಿತು. ನೋಡಿ, ಕಾಣದ ಮಗುವಿಗೆ ಅವ್ವನ ಮುಖ ಅಂಟಿಸಬಹುದು, ಕಾಣದ ಸುಟ್ಟಗಾಯವನ್ನು ಮಾತ್ರ ಹೇಳುವಂತಿಲ್ಲ. ಕಟ್ಟಳೆ ಬರೆದವರ ಕೈಗೆ ಹುಳ ಬೀಳಲಿ ಅಂತ ಬೈಯಬಹುದು. ಆದರೆ ಬರೆದವರು ಯಾರೂ ಇರಲಿಲ್ಲ. ನಡೆಸುವವರಷ್ಟೇ ಇದ್ದರು.

ಮೊಮ್ಮಗಳು ಬೆಳೆದಳು. ಮುಂದಿನ ಮುಖದ ಹುಣ್ಣಿಮೆಗೆ ಅವಳು ಕಲ್ಲಿನ ಮೇಲೆ ಕೂರಬೇಕು. ಅಜ್ಜಿ ತನ್ನ ಬಾಯಾರೆ ಅವಳಿಗೆ ಅವ್ವನ ಮುಖ ಹೇಳಬೇಕು. ಹೇಳಿದ ಮರುಗಳಿಗೆ ತಲೆಯ ಮೇಲೆ ಬುಟ್ಟಿ. ಆಮೇಲೆ ಕೆಮ್ಮು. ಅಜ್ಜಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಗ ಹೊಳೆಯಾಚೆಯಿಂದ ಕಣ್ಣಿನ ವೈದ್ಯೆ ಬಂದಳು. ಗಾಡಿಯಲ್ಲಿ ಪೆಟ್ಟಿಗೆಗಳು, ಜೊತೆಗೆ ಬಿಳಿಬಟ್ಟೆ ತೊಟ್ಟ ಇಬ್ಬರು. ಮೊಮ್ಮಗಳು ಓಡಿಹೋಗಿ ಅವಳ ಕೈಹಿಡಿದು ಎಳಕೊಂಡೇ ಬಂದಳು. ವೈದ್ಯೆ ಅಜ್ಜಿಯ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು.

"ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ ಅಜ್ಜಿ. ನಿಮ್ಮದು ನಡುವೆ ಸವೆದುಹೋಗಿದೆ. ಅದನ್ನ ಮತ್ತೆ ಚಿಗುರಿಸೋಕೆ ನನಗೆ ಬರಲ್ಲ. ಆದರೆ ಪರದೆಯ ಕೆಳಗೆ ಒಂದು ಕಾಳು ಇಡ್ತೀನಿ, ಅಕ್ಕಿನುಚ್ಚಿಗಿಂತ ಚಿಕ್ಕದು. ಮೂಗಿನ ಮೇಲೆ ಒಂದು ಕಪ್ಪು ಕನ್ನಡಕ. ಕನ್ನಡಕ ಬೆಳಕು ಹಿಡಿದು ಕಾಳಿಗೆ ಕೊಡುತ್ತೆ, ಕಾಳು ಒಳಗಿನ ನರಕ್ಕೆ ಕೊಡುತ್ತೆ."

"ಹಳೇ ಕಣ್ಣು ಬರ್ತೈತಾ ತಾಯಿ?"

"ಇಲ್ಲ. ಸುಳ್ಳು ಹೇಳಲ್ಲ. ಬಣ್ಣ ಬರಲ್ಲ. ಒಂದು ಸಲಕ್ಕೆ ಹಲಸಿನ ಬೀಜದಷ್ಟೇ ಜಾಗ ಕಾಣುತ್ತೆ. ಅದೂ ಚುಕ್ಕಿ ಚುಕ್ಕಿಯಾಗಿ. ಹುಟ್ಟಿದ ಕೂಸಿಗೆ ಕಲಿಸೋ ಹಾಗೆ ಆ ಕಣ್ಣಿಗೆ ಕಲಿಸಬೇಕು. ಕೆಲವರು ಕಲಿಯೋಕೆ ಬೇಜಾರಾಗಿ ಕನ್ನಡಕ ಗೂಟಕ್ಕೆ ನೇತುಹಾಕ್ತಾರೆ. ಕೆಲವರಿಗೆ ಕಾಳು ಹಿಡಿಯೋದೇ ಇಲ್ಲ."

"ಒಂದು ಮುಖ ಕಾಣ್ತೈತಾ?"

"ಒಂದೇ ಸಲಕ್ಕೆ ಕಾಣಲ್ಲ. ಹುಬ್ಬು, ಆಮೇಲೆ ಮೂಗು, ಆಮೇಲೆ ಬಾಯಿ. ನೀವೇ ಜೋಡಿಸ್ಕೋಬೇಕು."

"ಇಡು ತಾಯಿ" ಅಂದಳು ಅಜ್ಜಿ.

ಗಾಜು ಊರೊಳಗೆ ಬರಬಹುದೇ ಅನ್ನುವ ಮಾತೆದ್ದಿತು. ಯಜಮಾನ ಬಂದ. ಕನ್ನಡಕವನ್ನು ಕೋಲಿನ ತುದಿಯಲ್ಲಿ ಎತ್ತಿಹಿಡಿದು ದೂರದಿಂದಲೇ ನೋಡಿದ. ಗಾಜು ಮುಖದ ಹತ್ತಿರ ಬಂದರೆ ಮೈಲಿಗೆ. "ಕರೀ ಗಾಜು. ಸುಟ್ಟ ಮಡಕೆಯ ಚೂರಿದ್ದ ಹಾಗಿದೆ. ಇರಲಿ ಬಿಡಿ, ಮುದುಕಿಯ ಆಸೆ" ಅಂದ. ನಕ್ಕು ಹೊರಟ.

ವೈದ್ಯೆ ಕಣ್ಣಿಗೆ ಮರಗಟ್ಟಿಸುವ ಮದ್ದು ಹಾಕಿ, ಕೂದಲಿಗಿಂತ ಸಣ್ಣ ಹತಾರಗಳಿಂದ ಪರದೆ ಎತ್ತಿ, ಕಾಳು ಇಟ್ಟು ಮುಚ್ಚಿದಳು. ಅಜ್ಜಿ ಅಲ್ಲಾಡಲಿಲ್ಲ. ಬಿತ್ತಿದ ಹೊಲದ ಮೇಲೆ ಯಾರಾದರೂ ಓಡಾಡುತ್ತಾರೆಯೇ? ಗಾಯ ಮಾಗುವವರೆಗೆ ಕಾದಳು. ಆಮೇಲೆ ಕನ್ನಡಕ ಏರಿತು, ಅದರ ಬಾಲದ ಹಾಗಿದ್ದ ತಂತಿಯ ತುದಿಯ ಪೆಟ್ಟಿಗೆಯನ್ನು ಎಲೆಅಡಿಕೆ ಚೀಲದ ಪಕ್ಕ ಸೊಂಟಕ್ಕೆ ಕಟ್ಟಿಕೊಂಡದ್ದಾಯಿತು.

"ಏನು ಕಾಣ್ತೈತಜ್ಜಿ?"

"ಒಗ್ಗರಣೆ" ಅಂದಳು ಅಜ್ಜಿ. "ಸಾಸಿವೆ ಸಿಡಿದಂಗೆ ಬರೀ ಚಟಪಟ."

ಮೊಮ್ಮಗಳು ಹಿತ್ತಿಲ ಗೋಡೆಗೆ ಪೂರ್ತಿ ಮಸಿ ಬಳಿದಳು. ಮಸಿಯ ಮೇಲೆ ಸುಣ್ಣದಲ್ಲಿ ಬೆರಳದ್ದಿ ಒಂದು ಗೆರೆ ಎಳೆದಳು. ಅವ್ವನನ್ನು ಕೊಂದ ಸುಣ್ಣ, ಆದರೆ ಕರೀ ಗೋಡೆಯ ಮೇಲೆ ಅದರಷ್ಟು ಬೆಳ್ಳಗೆ ಇನ್ನೊಂದಿರಲಿಲ್ಲ.

"ಸಿಡಿಯೋದು ಅಡ್ಡಕ್ಕೋ ಉದ್ದಕ್ಕೋ?"

"ಎತ್ತೆತ್ತಲಾಗೋ."

"ತಲೆ ಮೆಲ್ಲಗೆ ಆಡಿಸು. ಮಜ್ಜಿಗೆ ಕಡೆದಂಗೆ ಆಡಿಸಬ್ಯಾಡ, ತೊಟ್ಟಿಲು ತೂಗಿದಂಗೆ ಆಡಿಸು."

ಅಜ್ಜಿ ತೊಟ್ಟಿಲು ತೂಗಿದಳು. ದಿನಾ ತೂಗಿದಳು. ತಲೆ ನೋಯುತ್ತಿತ್ತು, ಕನ್ನಡಕ ಎಸೆಯುವಷ್ಟು ಸಿಟ್ಟು ಬರುತ್ತಿತ್ತು, ಬೈದಾಡಿ ಮತ್ತೆ ಕೂರುತ್ತಿದ್ದಳು. ಬೇವಿನಮರದ ಕೆಳಗೆ ಹೋಗುವಾಗ ಮಾತ್ರ ಕನ್ನಡಕ ಮನೆಯಲ್ಲೇ ಬಿಟ್ಟು, ನೆನಪಿನ ಮುಖಗಳನ್ನೇ ಹೇಳಿ ಬರುತ್ತಿದ್ದಳು. ಒಂದು ಬೆಳಗ್ಗೆ ಸಿಡಿಯುತ್ತಿದ್ದ ಸಾಸಿವೆಗಳು ಸಾಲಾಗಿ ನಿಂತವು.

"ಅಡ್ಡ" ಅಂದಳು.

ಗೆರೆ ಆಯಿತು, ಸುತ್ತು ಆಯಿತು, ಚೊಂಬು ಆಯಿತು, ಚೊಂಬಿನ ಕಂಠ ಆಯಿತು. ಚುಕ್ಕಿ ಇಟ್ಟು ರಂಗೋಲಿ ಎಳೆದ ಕೈ ಅವಳದು. ಈಗ ಅದೇ ಕೆಲಸ ಕಣ್ಣು ಮಾಡಬೇಕಿತ್ತು, ಅಷ್ಟೇ. ಮುಖಗಳ ಸರದಿ ಬಂದಾಗ ತೊಡಕಾಯಿತು. ಕಲ್ಲು ಬಿಟ್ಟು ಬೇರೆಲ್ಲೂ ಮನುಷ್ಯರ ಮುಖ ಹೇಳುವಂತಿಲ್ಲ. ಮೊಮ್ಮಗಳಂತೂ ಕನ್ನಡಕದ ಮುಂದೆ ಸುಳಿಯುತ್ತಲೇ ಇರಲಿಲ್ಲ, ಯಾವಾಗಲೂ ಅಜ್ಜಿಯ ಬೆನ್ನ ಹಿಂದೆ ಕೂತೇ ಪಾಠ.

"ಒಂದೇ ಒಂದು ಸಲ ಮುಂದಕ್ಕೆ ಬಾರೇ" ಅಂದಳು ಅಜ್ಜಿ ಒಂದು ಮಧ್ಯಾಹ್ನ.

"ಬ್ಯಾಡಜ್ಜಿ. ಮನೇಲಿ ನೋಡಿದ್ದು ಗೊತ್ತಾದ್ರೆ ಕಲ್ಲಿನ ಮೇಲೆ ಹೇಳಿದ್ದು ನಡೆಯಲ್ಲ ಅಂತಾರೆ. ಅವರಿಗೆ ಅಷ್ಟೇ ಸಾಕು."

ಹಾಗಾಗಿ ಮನೆಯ ಆಡನ್ನು ತಂದು ಎದುರಿಗೆ ಕಟ್ಟಿದರು. ಅಜ್ಜಿ ತೊಟ್ಟಿಲು ತೂಗಿದಳು.

"ಉದ್ದ ಮುಖ. ಗಡ್ಡ ಐತೆ. ಸುಮ್ಮನೆ ಏನನ್ನೋ ಜಗೀತೈತೆ." ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು. "ಯಜಮಾನ್ರು ಯಾವಾಗ ಬಂದ್ರೇ?"

ಮೊಮ್ಮಗಳು ನೆಲಕ್ಕೆ ಬಿದ್ದು ನಕ್ಕಳು. ಅಷ್ಟರಲ್ಲಿ ಆಡು ಕನ್ನಡಕವನ್ನೇ ದಿಟ್ಟಿಸಿತು, ಎರಡು ಹೆಜ್ಜೆ ಹಿಂದೆ ಸರಿಯಿತು, ತಲೆ ಬಗ್ಗಿಸಿ ನುಗ್ಗಿ ಬಂತು. ಹಗ್ಗ ಇಲ್ಲದಿದ್ದರೆ ಕನ್ನಡಕವೂ ಇಲ್ಲ, ಅಜ್ಜಿಯ ಮೂಗೂ ಇಲ್ಲ. ಮಾರನೆಯ ದಿನವೂ ಹಾಗೇ. ಕನ್ನಡಕ ಕಂಡರೆ ಗುದ್ದುವುದು, ತೆಗೆದರೆ ಸುಮ್ಮನಾಗುವುದು. ಆಡಿಗೆ ಹುಚ್ಚು ಹಿಡಿದಿದೆ ಅಂತ ಅಳಿಯ ಬೇವಿನ ಸೊಪ್ಪು ತಿನ್ನಿಸಿದ. ಅದು ಖುಷಿಯಾಗಿ ತಿಂದು ಮತ್ತೆ ಗುದ್ದಿತು. ಯಾಕೆ ಅಂತ ಆ ಊರಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಣ್ಣಿನ ನಡು ಹೋದ ಮುದುಕರು ಊರಲ್ಲಿ ಇನ್ನೂ ಇದ್ದರು. ವೈದ್ಯೆ ಅವರಲ್ಲೂ ಕೆಲವರಿಗೆ ಕಾಳು ಇಟ್ಟಿದ್ದಳು. ಇಟ್ಟವಳು ಮುಂದಿನೂರಿಗೆ ಹೋದಳು. ಕಲಿಸುವವರಿಲ್ಲದೆ ಅವರು ಕನ್ನಡಕವನ್ನು ಗೂಟಕ್ಕೆ ನೇತುಹಾಕಿ, ಮೋಸ ಹೋದೆವು ಅಂತ ಬೈದುಕೊಂಡು ಕೂತಿದ್ದರು. ಮೊಮ್ಮಗಳು ಅವರನ್ನೂ ಕೈಹಿಡಿದು ಕರೆತಂದು ಕರೀ ಗೋಡೆಯ ಮುಂದೆ ಕೂರಿಸಿದಳು. ಸಾಲಾಗಿ ಕೂತ ಮುದುಕ ಮುದುಕಿಯರು ಬೆಳಗ್ಗೆಯೆಲ್ಲ ತೊಟ್ಟಿಲು ತೂಗುವುದು, ಅವಳು ಹಿಂದಿನಿಂದ, "ತಾತ, ನಿದ್ದೆ ಹೊಡೀಬ್ಯಾಡ, ಇದು ಅಡ್ಡವೋ ಉದ್ದವೋ?" ಅನ್ನುವುದು. ಒಬ್ಬ ಮುದುಕ ತನ್ನ ತಟ್ಟೆಯಲ್ಲಿನ ಮೆಣಸಿನಕಾಯಿ ಕಂಡುಹಿಡಿದ ದಿನ ಗೋಡೆಯ ಮುಂದೆ ಬೆಲ್ಲ ಹಂಚಿದರು.

ಮುಖದ ಹುಣ್ಣಿಮೆ ಬಂತು.

ಬೇವಿನಮರದ ಕೆಳಗೆ ಊರೆಲ್ಲ ಸೇರಿತು. ಕಲ್ಲಿನ ಬುಡದಲ್ಲಿ ಹೊಸ ಬುಟ್ಟಿ, ಹೊಸ ಸಿಂಬಿ ತಂದಿಟ್ಟಿದ್ದರು. ಬುಟ್ಟಿಗೆ ಸೇವಂತಿಗೆ ಹಾರ ಹಾಕಿದ್ದರು. ಹೊರುವ ಕತ್ತಿಗೆ ನೋವು, ಹೊರಿಸುವ ಬುಟ್ಟಿಗೆ ಹೂವು! ಮೊಮ್ಮಗಳು ಅದರ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅಜ್ಜಿ ಆ ಕಲ್ಲಿನ ಮೇಲೆ ಮೊದಲ ಸಲ ಕಪ್ಪು ಕನ್ನಡಕ ಹಾಕಿಕೊಂಡು ಕೂತಳು.

ಮೊದಲ ಸರದಿ ಯಜಮಾನನದು. ಅದು ಪದ್ಧತಿ. ಅವನು ಬಂದು ಕೂತು, ಮೀಸೆ ತೀಡಿ, ಮುಂದಕ್ಕೆ ಬಾಗಿದ. ಬಾಗಿದವನು ಬಾಗಿದಂತೆಯೇ ಉಳಿದ.

"ಒಳಗೆ ಯಾರೋ ಇದ್ದಾರೆ."

"ಯಾರು?" ಅಂದಳು ಅಜ್ಜಿ.

"ಯಾರೋ ಮುದುಕ. ಎರಡು ಗಾಜಲ್ಲೂ ಕೂತಿದ್ದಾನೆ. ಬಿಳೀ ಮೀಸೆ." ಅವನ ಕೈ ತಾನಾಗಿ ಮೀಸೆಗೆ ಹೋಯಿತು. ಗಾಜಿನೊಳಗಿನ ಮುದುಕನ ಕೈಯೂ ಮೀಸೆಗೆ ಹೋಯಿತು. ಅವನು ಕೈ ಇಳಿಸಿದ. ಮುದುಕನೂ ಇಳಿಸಿದ.

ಆಗ ಜನರ ಹಿಂದಿನಿಂದ ಅಳಿಯನ ದನಿ ಬಂತು. "ಅಯ್ಯೋ, ನಮ್ಮ ಆಡಿಗೆ ಹುಚ್ಚಿರಲಿಲ್ಲ ಕಣ್ರೋ! ಅದಕ್ಕೆ ಇನ್ನೊಂದು ಆಡು ಕಂಡಿತ್ತು!"

ಯಜಮಾನ ಎದ್ದು ನಿಂತ. "ಕಟ್ಟಳೆ ಮುರಿಯಿತು. ಇದು ಕನ್ನಡಿ! ಒಡೆದುಹಾಕಿ!"

"ಒಡೀರಿ" ಅಂದ ಅಳಿಯ. "ಒಡೆದ್ರೆ ಮೀಸೆ ಕರ್ರಗಾಗ್ತೈತಾ?"

ಮೊದಲು ನಕ್ಕದ್ದು ಕರೀ ಗೋಡೆಯ ಮುದುಕರು. ಆಮೇಲೆ ಯಾರು ನಗಲಿಲ್ಲ ಅಂತ ಕೇಳಬೇಕು. ಗಾಜು ಒಡೆಯಲಿಕ್ಕೆ ಒಂದು ಕೈಯೂ ಮೇಲೇಳಲಿಲ್ಲ. ನಗು ಇಳಿದ ಮೇಲೆ ಅಜ್ಜಿ ಸಮಾಧಾನದ ದನಿಯಲ್ಲಿ ಹೇಳಿದಳು. "ಕೂತ್ಕೊಳ್ರಿ ಯಜಮಾನ್ರೇ. ನೀವು ನೋಡಿದ್ರಿ, ನಾ ಇನ್ನೂ ಹೇಳಿಲ್ಲ."

ಅವನು ಕೂತ. ಅವಳು ತೊಟ್ಟಿಲು ತೂಗಿದಂತೆ ತಲೆ ತೂಗಿದಳು. ಊರು ಇಷ್ಟು ಹೊತ್ತು ಯಾವತ್ತೂ ಕಾದಿರಲಿಲ್ಲ. "ಹಣೆ ಮೇಲೆ ಗೆರೆ ಅವೆ. ಕಣ್ಣ ಕೆಳಗೆ ಚೀಲ. ರಾತ್ರಿ ನಿದ್ದೆ ಬರಾಕಿಲ್ಲ ನಿಮಗೆ. ಮೀಸೆ ಬೆಳ್ಳಗೈತೆ. ಇದು ವಯಸ್ಸಾದೋರ ಮುಖ. ಕೆಟ್ಟ ಮುಖವೇನಲ್ಲ. ದಣಿದೈತೆ."

ಯಜಮಾನ ಬಹಳ ಮೆತ್ತಗೆ ಕೇಳಿದ. "ಯಾವಾಗಿಂದ ಹೀಗಿದೆಯಮ್ಮ?"

"ಯಾರಿಗ್ಗೊತ್ತು? ನೀವು ಹೇಳಗೊಡಲಿಲ್ಲವಲ್ಲ."

ಹೇಳಿದ ಮುಖಕ್ಕೆ ಊರು ಜವಾಬು ಕೊಡಬೇಕು. ವಯಸ್ಸಾದ ಮುಖಕ್ಕೆ ಮೆತ್ತನೆ ಅನ್ನ, ಮಧ್ಯಾಹ್ನದ ನಿದ್ದೆ, ಸೊಂಟದ ಕೀಲಿಕೈ ಭಾರದಿಂದ ಬಿಡುಗಡೆ. ಯಜಮಾನನ ಕೇರಿಯವನೇ ಒಬ್ಬ ಬಂದು ಕೀಲಿಕೈ ಬಿಚ್ಚಿಕೊಂಡ. ಯಜಮಾನ ತಡೆಯಲಿಲ್ಲ. ಸೊಂಟ ಹಗುರವಾದದ್ದಕ್ಕೆ ಅವನಿಗೊಂದು ಆಕಳಿಕೆ ಬಂತು.

ಅಳಿಯ ಬಂದು ಕೂತ. "ಬಲಗೆನ್ನೆ ಸುಟ್ಟೈತೆ" ಅಂದಳು ಅಜ್ಜಿ. ಅಭ್ಯಾಸಬಲ, ಯಜಮಾನನ ಬಾಯಿಂದ ಮಾತು ಬಂದೇಬಿಟ್ಟಿತು: "ಕಂಡಿದ್ದೀಯಾ?"

"ಈಗ ಕಂಡೆ."

ಯಜಮಾನ ಎದ್ದು ಬಂದು, ಊರೆಲ್ಲ ನೋಡುತ್ತಿದ್ದಂತೆ, ಅಳಿಯನ ಮುಂದೆ ಕೈಕಟ್ಟಿ ನಿಂತ. ಗೂಡಿನ ಬಾಯಿ ಕಟ್ಟಿಸುವವರೆಗೆ ಬೆಂಕಿ ಹಾಕುವುದಿಲ್ಲ ಅಂದ. ಅಳಿಯ ಗಾಜಲ್ಲಿ ತನ್ನ ಕೆನ್ನೆ ನೋಡಿಕೊಂಡು, "ಇಷ್ಟೇನಾ? ನಾನು ಇನ್ನೂ ಹೆಚ್ಚು ಅಂದ್ಕೊಂಡಿದ್ದೆ" ಅಂದು ಎದ್ದ.

ಆಮೇಲೆ ಮೊಮ್ಮಗಳು. ಕೂತವಳೇ ಕಣ್ಣು ಗಟ್ಟಿಯಾಗಿ ಮುಚ್ಚಿದಳು. "ನಾ ಗಾಜು ನೋಡಲ್ಲಜ್ಜಿ. ಮೊದಲು ನೀ ಹೇಳು."

ಅಜ್ಜಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಒಂದು ಚುಕ್ಕಿ ಬಂತು. ಪಕ್ಕಕ್ಕೊಂದು ಬಂತು. "ಹಣೆ ಅಗಲ. ನಿಮ್ಮವ್ವನದು ಕಿರಿದು, ಇದು ಅಗಲ. ಹುಬ್ಬು ಒಂದು ಮೇಲೈತೆ, ಒಂದು ಕೆಳಗೈತೆ. ಏನನ್ನೋ ಕೇಳೋ ಹುಬ್ಬು." ಅಜ್ಜಿಯ ತಲೆ ತುಸು ಕೆಳಗಿಳಿಯಿತು. "ಮೂಗು... ಮೂಗು ನಿಮ್ಮವ್ವನದೇ. ಸುಳ್ಳು ಹೇಳಲಾರೆ."

ಜನ ಗುಜುಗುಜು ಅಂದರು. ಯಾರೋ ಬುಟ್ಟಿ ಎತ್ತಿದರು. ಹಾರದ ಹೂವು ಉದುರಿತು.

"ತಡೀರಿ" ಅಂದಳು ಅಜ್ಜಿ. "ಬಾಯಿ ಐತೆ ಇನ್ನೂ." ಆದರೆ ಬಾಯಿಯ ಜಾಗದಲ್ಲಿ ಚುಕ್ಕಿಗಳು ನಿಲ್ಲಲಿಲ್ಲ. ಸಾಲು ಕಟ್ಟಿದರೆ ಚದುರುವುದು, ಚದುರಿದ್ದು ಕೂಡುವುದು. ಮೊಮ್ಮಗಳು ಭಯಕ್ಕೆ ತುಟಿ ಕಚ್ಚುತ್ತಿದ್ದಳೋ, ನಗುತ್ತಿದ್ದಳೋ, ಅಳುತ್ತಿದ್ದಳೋ. ಅಜ್ಜಿ ತೂಗಿದಳು, ತೂಗಿದಳು. ನೆನಪು ಸುಲಭವಾಗಿ ಒಂದು ಬಾಯಿ ತಂದು ಮುಂದಿಟ್ಟಿತು, ಸತ್ತ ಮಗಳ ಬಾಯಿ. ಅಜ್ಜಿ ಅದನ್ನು ತೆಗೆದುಕೊಳ್ಳಲಿಲ್ಲ.

"ಇಲ್ಲಿ ನನಗೆ ಕಾಣಾಕಿಲ್ಲ" ಅಂದಳು. "ನೀನೇ ಹೇಳು."

"ಕೂತವರು ತಮ್ಮ ಮುಖ ತಾವೇ ಹೇಳುವಂತಿಲ್ಲ!" ಅಂತ ಯಾರೋ ಕೂಗಿದರು.

"ಕಾಣದ್ದನ್ನ ಹೇಳಂಗಿಲ್ಲ ಅಂತ ನನಗೆ ಹೇಳಿಕೊಟ್ಟೋರು ನೀವೇ. ನಾ ಹೇಳಂಗಿಲ್ಲ. ಅವಳೂ ಹೇಳಂಗಿಲ್ಲ. ಹಂಗಾದ್ರೆ ಹೇಳೋದು ಯಾರು, ಬುಟ್ಟಿಯಾ?"

ಆ ಕಲ್ಲಿನ ಮೇಲೆ ಕೂತವರು ತಮ್ಮ ಮುಖ ತಾವೇ ಹೇಳಿಕೊಂಡದ್ದು ಅದೇ ಮೊದಲು.

"ನನ್ನ ಬಾಯಿ ಅಡ್ಡವೋ ಉದ್ದವೋ ಅಂತ ಕೇಳೋ ಬಾಯಿ" ಅಂದಳು ಮೊಮ್ಮಗಳು. ಕಣ್ಣು ಮುಚ್ಚಿಯೇ ಇದ್ದಳು. "ದಿನಾ ಕೇಳ್ತೈತೆ. ಗೂಟದ ಮೇಲೆ ಇನ್ನೂ ಕನ್ನಡಕ ನೇತಾಡ್ತಾವೆ. ಅವನ್ನ ಇಳಿಸಬೇಕು. ನಾ ಬುಟ್ಟಿ ಹೊತ್ತರೆ ಗೋಡೆ ಮುಂದೆ ನಿಂತು ಕೇಳೋರು ಯಾರು?"

ಕರೀ ಗೋಡೆಯ ಮುದುಕರು ಒಬ್ಬೊಬ್ಬರಾಗಿ ಎದ್ದು ನಿಂತರು. ಮೆಣಸಿನಕಾಯಿ ಕಂಡಿದ್ದ ಮುದುಕ, "ನಾ ಬಲ್ಲೆ ಆ ಬಾಯಿನ" ಅಂದ. "ಬಲು ಬೈತೈತೆ."

ಅಜ್ಜಿ ಹೇಳಿದಳು: "ಇದು ಕಣ್ಣಿಗೆ ಓದಿಸೋಳ ಮುಖ." ಅಂಥ ಕೆಲಸ ಊರಲ್ಲಿ ಇರಲಿಲ್ಲ. ಅವಳು ಹೇಳಿದ್ದರಿಂದ ಆಯಿತು.

ಮೊಮ್ಮಗಳು ಕಣ್ಣು ಬಿಟ್ಟಳು. ಗಾಜಿನೊಳಗೆ ಒಬ್ಬ ಹುಡುಗಿ ಇದ್ದಳು. ಹುಬ್ಬು ಮೇಲೊಂದು ಕೆಳಗೊಂದು. ಮೂಗನ್ನು ಮುಟ್ಟಿ ನೋಡಿಕೊಂಡಳು. ಅವ್ವನ ಮುಖ ಅವಳಿಗೆ ನೆನಪಿರಲಿಲ್ಲ. ಅವ್ವ ಇಷ್ಟು ದಿನ ಇಲ್ಲೇ ಇದ್ದಳಲ್ಲ ಅಂತ ಅತ್ತಳು, ಅಳುತ್ತಲೇ ನಕ್ಕಳು. ಆ ಹೊತ್ತಿಗೆ ಆಡು ಹಗ್ಗ ಕಿತ್ತುಕೊಂಡು ಬಂದು ಬುಟ್ಟಿಯ ಸೇವಂತಿಗೆ ಹಾರ ತಿನ್ನತೊಡಗಿತ್ತು. ಯಾರೂ ಓಡಿಸಲಿಲ್ಲ.

ಅವತ್ತು ಗೂಡಿನ ಕೇರಿಯ ಮಕ್ಕಳೆಲ್ಲ ಇನ್ನೊಮ್ಮೆ ಕೂತರು. ಒಬ್ಬೊಬ್ಬರಿಗೂ ಹೊತ್ತು ಹಿಡಿಯಿತು. ಕಂಡಷ್ಟು ಅಜ್ಜಿ ಹೇಳಿದಳು, ಕಾಣದಿದ್ದಲ್ಲಿ ನೀನೇ ಹೇಳು ಅಂದಳು. ಒಬ್ಬ ಹುಡುಗ ತನ್ನದು ಗೂಡಿನ ಮುಖವೇ ಅಂದ, ಬೆಂಕಿ ಅಂದರೆ ಅವನಿಗೆ ಇಷ್ಟವಂತೆ. ಅವನೂ ಸರಿ. ನಡುವೆ ಮಜ್ಜಿಗೆ ಬಂತು, ಎಲ್ಲರೂ ಕುಡಿದರು, ಮತ್ತೆ ಕೂತರು. ಕಾಯುವುದು ಹೇಗೆ ಅಂತ ಊರು ಕಲಿಯಿತು.

ಬಿಸಿಲು ಇಳಿಯಿತು. ಅಜ್ಜಿ ಸೊಂಟದ ಪೆಟ್ಟಿಗೆಗೆ ಕೈಹಾಕಿ, "ಮುಗೀತೇನೇ? ಇನ್ಯಾರು ಉಳಿದ್ರು?" ಅಂದಳು.

"ನೀನು" ಅಂದಳು ಮೊಮ್ಮಗಳು.

ಊರೆಲ್ಲ ಗಾಜಿನಲ್ಲಿ ಮುಖ ನೋಡಿಕೊಂಡಿತ್ತು. ಗಾಜಿನ ಹಿಂದೆ ಇದ್ದವಳು ಮಾತ್ರ ನೋಡಿಕೊಂಡಿರಲಿಲ್ಲ. ತೆಗೆದು ಕೈಯಲ್ಲಿ ಹಿಡಿದು ನೋಡಿಕೊಳ್ಳೋಣವೆಂದರೆ, ತೆಗೆದ ಕೂಡಲೇ ಎದುರಿನದೆಲ್ಲ ತೂತು. ಯಾರಾದರೂ ಹೇಳಬೇಕಷ್ಟೇ.

"ಹೇಳೋಳ ಮುಖ ಹೇಳೋದು ಕಟ್ಟಳೇಲಿ ಇಲ್ಲ ಕಣೇ" ಅಂದಳು ಅಜ್ಜಿ. ದನಿ ಯಾಕೋ ಚಿಕ್ಕ ಹುಡುಗಿಯದಾಗಿತ್ತು.

"ಆಚೆ ಕಲ್ಲಿಗೆ ಬಾ."

ಅಜ್ಜಿ ಎದ್ದು ಹೋಗಿ ಆಚೆ ಕಲ್ಲಿನ ಮೇಲೆ ಕೂತಳು. ಅಷ್ಟು ವರ್ಷ ಎದುರಿಗಿದ್ದ ಕಲ್ಲು, ಬೆಚ್ಚಗಿತ್ತು. ಸೆರಗು ಸರಿಮಾಡಿಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಮೊದಲ ಸಲ ಕೂತ ಮಕ್ಕಳ ಹಾಗೆ ಕೈ ಕಟ್ಟಿ, ಉಸಿರು ಹಿಡಿದಳು. ಮೊಮ್ಮಗಳು ಎದುರಿಗೆ ಕೂತು ಬಹಳ ಹೊತ್ತು ನೋಡಿದಳು.

"ಗಲ್ಲದ ಮೇಲೆ ಮಜ್ಜಿಗೆ ಐತೆ" ಅಂದಳು.

ಅಜ್ಜಿ ಒರೆಸಿಕೊಂಡಳು. "ಹೂಂ," ಅಂದಳು, "ಮುಂದಕ್ಕೆ ಹೇಳು."